ಹುರಿಗೆ ನೇತುಬಿದ್ದ ನೇರಳೆ

ಕಾಮಿಕ್ಸ್ ಪುಸ್ತಕದ ಒಳಗಿನ ಕತೆ ದುಡ್ಡು ಕೊಟ್ಟವನ ಸ್ವತ್ತು. ಮುಖಪುಟದಲ್ಲಿ ಮಾತ್ರ ಬಸ್ಸಿಗೆ ಕಾದು ನಿಂತವರಿಗೆಲ್ಲ ಪಾಲಿದೆ. ನಾವು ಹುಡುಗರಾಗಿದ್ದಾಗ ಪಿರಿಯಾಪಟ್ಟಣದ ಬಸ್ ನಿಲ್ದಾಣದ ಹತ್ತಿರ ಒಂದು ಪೆಟ್ಟಿಗೆ ಅಂಗಡಿಯಿತ್ತು. ಬೀಡಿ, ಬೆಂಕಿಪೊಟ್ಟಣ, ಬಾಳೆಹಣ್ಣು, ಪೆಪ್ಪರ್‌ಮೆಂಟು ಎಲ್ಲವನ್ನೂ ಮಾರುತ್ತಿದ್ದ ಅಂಗಡಿಯವರು ಈ ಕಂಬದಿಂದ ಆ ಕಂಬಕ್ಕೆ ಹುರಿ ಬಿಗಿದು, ಸುಧಾ, ಪ್ರಜಾಮತ, ಚಂದಮಾಮಗಳನ್ನು ಕ್ಲಿಪ್ಪು ಹಾಕಿ ನೇತುಬಿಡುತ್ತಿದ್ದರು. ಸಾಲಿನ ತುದಿಯಲ್ಲಿ ಇಂದ್ರಜಾಲ ಕಾಮಿಕ್ಸ್. ಮಡಿಕೇರಿ ಕಡೆಯ ಬಸ್ಸು ಧೂಳೆಬ್ಬಿಸಿಕೊಂಡು ತಿರುಗಿದರೆ ಇಡೀ ಸಾಲು ಪಟಪಟ ಬಡಿದುಕೊಂಡು ಸುಮ್ಮನಾಗುತ್ತಿತ್ತು. ಹತ್ತಿರ ಹೋಗಿ ಪುಟದ ಮೂಲೆ ಹಿಡಿದರೆ ಸಾಕು, "ಲೋ, ಕಣ್ಣಲ್ಲಿ ನೋಡ್ಲಾ, ಕೈಯಲ್ಲಲ್ಲ" ಎಂದು ಒಳಗಿಂದ ದನಿ ಬರುತ್ತಿತ್ತು.

ಆ ಅಪ್ಪಣೆಯನ್ನು ನಾನು ನಿಷ್ಠೆಯಿಂದ ಪಾಲಿಸಿದೆ. ಓದಿದ ಇಂದ್ರಜಾಲಕ್ಕಿಂತ ನೋಡಿದ ಇಂದ್ರಜಾಲವೇ ಹೆಚ್ಚು. ಈಗ ಕೇಳಿದರೆ ಓದಿದವುಗಳ ಕತೆ ಒಂದಕ್ಕೊಂದು ಬೆರೆತುಹೋಗಿದೆ. ಕಳ್ಳ ಯಾರು, ನಿಧಿ ಎಲ್ಲಿತ್ತು, ರಾಜಕುಮಾರಿಯನ್ನು ಕದ್ದದ್ದು ಯಾತಕ್ಕೆ, ಒಂದೂ ನೆಟ್ಟಗೆ ಹೇಳಲಾರೆ. ನೋಡಿ ಬಿಟ್ಟ ಮುಖಪುಟಗಳು ಮಾತ್ರ ಬಣ್ಣ ಸಮೇತ ಹಾಗೇ ಇವೆ. ಅರಿಶಿನದಂಥ ಆಕಾಶ, ಅದರ ಕೆಳಗೆ ಕಡುಹಸಿರು ಮರಗಳು, ಬಿಳಿ ಕುದುರೆ, ಅದರ ಮೇಲೆ ಅಡಿಯಿಂದ ಮುಡಿಯವರೆಗೆ ನೇರಳೆ ಬಣ್ಣದ ಫ್ಯಾಂಟಮ್.

ನಮಗೆ ಕಾಡು ಎನ್ನುವುದು ಪುಸ್ತಕದಲ್ಲಿ ನೋಡಿ ತಿಳಿಯಬೇಕಾದ ವಸ್ತುವೇನೂ ಆಗಿರಲಿಲ್ಲ. ಗೋಣಿಕೊಪ್ಪದ ದಾರಿಯಲ್ಲಿ ಆನೆಚೌಕೂರು ಬಂತೆಂದರೆ ನಾಗರಹೊಳೆಯ ಕಾಡು ಶುರು. ಕಾಡಿನ ಕೆಲಸ ಇದ್ದವರು ಯಾರೂ ಅಲ್ಲಿ ನೇರಳೆ ಬಟ್ಟೆ ತೊಟ್ಟು ಓಡಾಡುತ್ತಿರಲಿಲ್ಲ. ಫಾರೆಸ್ಟ್ ಗಾರ್ಡುಗಳದು ಖಾಕಿ, ಸೌದೆಗೆ ಹೋಗುವವರದು ಮಣ್ಣು ಹಿಡಿದ ಪಂಚೆ. ನೇರಳೆ ಚಡ್ಡಿಬನಿಯನ್ನಿನ ಮನುಷ್ಯನೊಬ್ಬ ಆ ಕಾಡಿನಲ್ಲಿ ನಿಂತಿದ್ದರೆ ಫರ್ಲಾಂಗು ದೂರದಿಂದ ಕಳ್ಳನಿಗೂ ಕಾಣುತ್ತಿದ್ದ, ಆನೆಗೂ ಕಾಣುತ್ತಿದ್ದ. ಅಡಗಿ ಕೂತು ದುಷ್ಟರನ್ನು ಹಿಡಿಯುವವನಿಗೆ ಇದೆಂಥ ಬಣ್ಣ ಎಂದು ನಮ್ಮಲ್ಲಿ ಚರ್ಚೆಯಾಗುತ್ತಿತ್ತು.

ಆ ಬಣ್ಣದ ಹಿಂದಿನ ಕತೆ ಗೊತ್ತಾದದ್ದು ಬಹಳ ತಡವಾಗಿ. ಅಮೆರಿಕದ ಲೀ ಫಾಕ್ ಫ್ಯಾಂಟಮ್ ಕತೆ ಶುರು ಮಾಡಿದ್ದು 1936ರ ಫೆಬ್ರವರಿಯಲ್ಲಿ, ಪತ್ರಿಕೆಯಲ್ಲಿ ದಿನವೂ ಬರುವ ಚಿತ್ರಪಟ್ಟಿಯಾಗಿ. ಅದು ಕಪ್ಪುಬಿಳುಪು, ಬಣ್ಣದ ಪ್ರಶ್ನೆಯೇ ಇರಲಿಲ್ಲ. ಫಾಕ್ ಮನಸ್ಸಿನಲ್ಲಿದ್ದದ್ದು ಬೂದು ಬಣ್ಣ. 1939ರಲ್ಲಿ ಭಾನುವಾರದ ಬಣ್ಣದ ಪುಟ ಆರಂಭವಾದಾಗ ಅಚ್ಚಿನ ಮನೆಯವರು ನೇರಳೆ ಹಾಕಿ ಮುಗಿಸಿದರು, ಅದೇ ಗಟ್ಟಿಯಾಯಿತು. ಬೇರೆ ದೇಶಗಳ ಮುದ್ರಕರು ಅದಕ್ಕೂ ಸೊಪ್ಪು ಹಾಕಲಿಲ್ಲ. ಸ್ವೀಡನ್ನಿನಲ್ಲಿ ಅವನು ನೀಲಿ, ಇಟಲಿ, ಟರ್ಕಿ, ಬ್ರೆಜಿಲ್‌ಗಳಲ್ಲಿ ಕೆಂಪು. ಟೈಮ್ಸ್ ಆಫ್ ಇಂಡಿಯಾದ ಬೆನೆಟ್ ಕೋಲ್ಮನ್ ಕಂಪನಿ 1964ರ ಮಾರ್ಚಿನಲ್ಲಿ ಇಂದ್ರಜಾಲ ಕಾಮಿಕ್ಸ್ ಆರಂಭಿಸಿದಾಗ ಮೊದಮೊದಲ ಸಂಚಿಕೆಗಳಲ್ಲಿ ನಮ್ಮವನೂ ನೀಲಿಯೇ ಇದ್ದ. ಆಮೇಲೆ ನೇರಳೆಗೆ ಬಂದ. ನಮ್ಮ ತರಗತಿಯ ಹುಡುಗನೊಬ್ಬ ಅಣ್ಣನ ಟ್ರಂಕಿನಿಂದ ಒಂದು ಹಳೆಯ ನೀಲಿ ಫ್ಯಾಂಟಮ್ ತಂದು ತೋರಿಸಿದಾಗ ದೊಡ್ಡ ಗಲಾಟೆಯೇ ಆಯಿತು. ಡೂಪ್ಲಿಕೇಟು ಎಂದರು ಕೆಲವರು. ಕೊನೆಗೆ ಪಂಚಾಯ್ತಿ ತೀರ್ಮಾನ ಹೀಗಾಯಿತು: ಈಗ ಇರುವವನು ತಲೆಮಾರಿನಲ್ಲಿ 21ನೆಯವನಲ್ಲವೇ, ಅವನದು ನೇರಳೆ. ನೀಲಿ ತೊಟ್ಟವನು ಅವರಪ್ಪ, 20ನೆಯವನು. ಲೀ ಫಾಕ್‌ಗೂ ಹೊಳೆಯದ ಪರಿಹಾರ ಇದು ಎಂದು ಇವತ್ತಿಗೂ ನನ್ನ ಅಭಿಪ್ರಾಯ.

ಆದರೂ ಮುಖಪುಟದ ಮಟ್ಟಿಗೆ ನೇರಳೆಯೇ ಸರಿ. ಹಳದಿ ಆಕಾಶ, ಹಸಿರು ಮರ ಎರಡರ ಜೊತೆಗೂ ಸೇರದೆ ಉಳಿಯುವ ಬಣ್ಣ ಅದೊಂದೇ. ಬಣ್ಣದ ಚಕ್ರದಲ್ಲಿ ಹಳದಿಗೆ ಎದುರು ನಿಲ್ಲುವುದು ನೇರಳೆ. ಅವೆರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಒಂದು ಇನ್ನೊಂದನ್ನು ಮುಂದಕ್ಕೆ ತಳ್ಳುತ್ತದೆ. ಮಧ್ಯಾಹ್ನದ ಆಕಾಶ ಎಲ್ಲೂ ಹಳದಿ ಇರುವುದಿಲ್ಲ, ಇರಲಿ. ಇಂದ್ರಜಾಲದ ಆರಂಭದ ಮುಖಪುಟಗಳನ್ನು ಬರೆದ ಬಿ. ಗೋವಿಂದ್ ಅವರಿಗೆ ಆಕಾಶದ ನಿಜಬಣ್ಣ ತಿಳಿಯದೆ ಇರಲಿಲ್ಲ. ಹುರಿಯ ಮೇಲೆ ಹತ್ತಾರು ಪತ್ರಿಕೆಗಳ ನಡುವೆ ನೇತಾಡುವಾಗ ಯಾವುದು ಕಣ್ಣಿಗೆ ಹೊಡೆಯುತ್ತದೆ ಎನ್ನುವುದೂ ತಿಳಿದಿತ್ತು.

ದೊಡ್ಡಪ್ಪನ ಬಳಿ ಪಂಚಾಂಗದ ಸಣ್ಣಕ್ಷರ ನೋಡಲು ಒಂದು ಭೂತಗನ್ನಡಿಯಿತ್ತು. ಒಂದು ಸಲ ಅದನ್ನು ಎತ್ತಿಕೊಂಡು ಮುಖಪುಟದ ಮೇಲಿಟ್ಟೆ. ಕಾಡು ಮಾಯವಾಯಿತು. ಹಸಿರು ಎಲೆ ಇದ್ದ ಕಡೆ ಹಸಿರೇ ಇರಲಿಲ್ಲ, ಹಳದಿ ಬಳಿದ ನೆಲದ ಮೇಲೆ ಸಾಲಾಗಿ ನೀಲಿ ಚುಕ್ಕೆಗಳು. ಮುಖದ ಗುಲಾಬಿ ಎಂದರೆ ತೆಳು ಕೆಂಪು ಚುಕ್ಕೆಗಳ ನಡುವೆ ಕಾಗದದ ಬಿಳಿ. ಒಂದು ಕಡೆ ಕೆಂಪು ಅಚ್ಚು ಕೂದಲೆಳೆಯಷ್ಟು ಜರುಗಿ, ಫ್ಯಾಂಟಮ್‌ನ ಪ್ರೇಯಸಿ ಡಯಾನಾಳ ತುಟಿ ತುಟಿಯ ಗೆರೆಯಿಂದಾಚೆ ಗಲ್ಲಕ್ಕೆ ಸರಿದಿತ್ತು. ಕುದುರೆಯ ಬಿಳಿಗೆ ಶಾಯಿಯೇ ಇಲ್ಲ, ಬರಿಯ ಕಾಗದ. ಅದಕ್ಕೇ ಹಳೆಯದಾದಂತೆ ಮೊದಲು ಮುದಿಯಾಗುವುದು ಕುದುರೆ. ಕಾಗದ ಹಳದಿಯಾದಾಗ ಅದೂ ಕಂದುಬಣ್ಣಕ್ಕೆ ತಿರುಗುತ್ತದೆ.

ಆ ಕಾಲದ ಕಾಮಿಕ್ಸ್ ಬಣ್ಣದ ಲೆಕ್ಕ ಬಹಳ ಸರಳ. ಹಳದಿ, ಕೆಂಪು, ನೀಲಿ ಮೂರು ಶಾಯಿ, ಗೆರೆಗೆ ಕಪ್ಪು. ಒಂದೊಂದು ಶಾಯಿಯನ್ನೂ ಪೂರ್ತಿ, ಅರ್ಧ, ಕಾಲು ಎಂದು ಮೂರು ಹದದಲ್ಲಿ ಹಾಕಬಹುದು, ಇಲ್ಲವೆಂದರೆ ಬಿಡಬಹುದು. ಹೀಗೆ ನಾಲ್ಕು ನಾಲ್ಕಲಿ ಹದಿನಾರು, ಹದಿನಾರು ನಾಲ್ಕಲಿ 64. ಅಮೆರಿಕದ ಹಳೆಯ ಕಾಮಿಕ್ಸಿನ ಪ್ರಪಂಚವೆಲ್ಲ ಆ 64 ಬಣ್ಣಗಳಲ್ಲಿ ಮುಗಿಯಬೇಕು. ಬೂದುಬಣ್ಣ ಈ ಲೆಕ್ಕದಲ್ಲಿ ದೊಡ್ಡ ತರಲೆ. 1962ರಲ್ಲಿ ಮಾರ್ವೆಲ್‌ನವರು ಹಲ್ಕ್ ಎಂಬ ರಾಕ್ಷಸನನ್ನು ಮೊದಲು ಹೊರತಂದಾಗ ಬೂದು ಮಾಡಿದ್ದರು. ಅಚ್ಚಾಗಿ ಬಂದಾಗ ಒಂದು ಪುಟದಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ. ಎರಡನೆಯ ಸಂಚಿಕೆಗೆ ಅವನನ್ನು ಹಸಿರು ಮಾಡಿ ಕೈತೊಳೆದುಕೊಂಡರು. ಲೀ ಫಾಕ್ ಬಯಸಿದ ಬೂದು ಸಿಕ್ಕಿದ್ದರೂ ಫ್ಯಾಂಟಮ್‌ನ ಗತಿ ಅದೇ ಆಗುತ್ತಿತ್ತೇನೋ.

ಕಂದುಬಣ್ಣಕ್ಕೆ ಮೂರೂ ಶಾಯಿ ಬೇಕು. ಮೂರೂ ಸರಿಯಾಗಿ ಕೂರದಿದ್ದರೆ ರಾಡಿ. ಫ್ಯಾಂಟಮ್ ಮುಖಪುಟಗಳಲ್ಲಿ ಕಾಡಿನ ಜನರು ಈ ರಾಡಿಯಲ್ಲೇ ನಿಂತಿರುತ್ತಿದ್ದರು. ಮೂಲೆಯಲ್ಲಿ, ಸಣ್ಣದಾಗಿ, ಒಬ್ಬನಿಗೂ ಇನ್ನೊಬ್ಬನಿಗೂ ಮುಖ ಬೇರೆ ಇರದಂತೆ. ನಮ್ಮ ಶಾಲೆಗೆ ಹಾಡಿಯಿಂದ ಬರುತ್ತಿದ್ದ ಜೇನುಕುರುಬರ ಹುಡುಗರಿದ್ದರು. ಮರ ಹತ್ತುವುದರಲ್ಲಿ, ಜೇನು ಎಲ್ಲಿದೆಯೆಂದು ಹೇಳುವುದರಲ್ಲಿ ನಾವು ಯಾರೂ ಅವರ ಹತ್ತಿರ ಸುಳಿಯುವಂತಿರಲಿಲ್ಲ. ಅವರೂ ನಮ್ಮ ಜೊತೆಗೇ ನಿಂತು ಹುರಿಯ ಮೇಲಿನ ಮುಖಪುಟ ನೋಡುತ್ತಿದ್ದರು. ಕಾಡು ಕಾಯಲು ಹೊರಗಿನಿಂದ ಒಬ್ಬ ಬಿಳಿಯ ಬರಬೇಕು, ಅವನಿಗೆ ಮಾತ್ರ ಒಳ್ಳೆಯ ಬಣ್ಣ ಎನ್ನುವುದನ್ನು ಅವರು ಹೇಗೆ ಕಂಡರೋ. ನಾನಂತೂ ಕೇಳಲಿಲ್ಲ. ಆ ದಿನಗಳಲ್ಲೇ ಎಷ್ಟೋ ಹಾಡಿಗಳನ್ನು ನಾಗರಹೊಳೆಯ ಒಳಗಿನಿಂದ ಎಬ್ಬಿಸಿ ಹೊರಗೆ ಹಾಕುತ್ತಿದ್ದರು.

ಬಣ್ಣದ ವಿಷಯದಲ್ಲಿ ನಮ್ಮ ಮನೆಯ ಅಧಿಕಾರವಾಣಿ ದೊಡ್ಡಪ್ಪ. ಅವರು ಹೊಗೆಸೊಪ್ಪು ಬೆಳೆಗಾರರು. ಒಣಗಿಸುವ ಬ್ಯಾರನ್ನಿಗೆ ಸೊಪ್ಪು ಏರಿಸಿ ಬೆಂಕಿ ಹಾಕಿದ ಮೇಲೆ ರಾತ್ರಿಯೆಲ್ಲ ಎದ್ದು ನೋಡಬೇಕು. ಮೊದಲು ಸಣ್ಣ ಶಾಖದಲ್ಲಿ ಹಸಿರು ಕಳೆದು ಹಳದಿ ತಿರುಗಲು ಬಿಡಬೇಕು, ತಿರುಗಿದ್ದೇ ಶಾಖ ಏರಿಸಿ ಆ ಬಣ್ಣವನ್ನು ಅಲ್ಲೇ ಕಟ್ಟಿ ನಿಲ್ಲಿಸಬೇಕು. ಅವಸರ ಮಾಡಿದರೆ ಹಸಿರು ಉಳಿಯುತ್ತದೆ, ತಡ ಮಾಡಿದರೆ ಕಂದು. ಮಾರುಕಟ್ಟೆಯಲ್ಲಿ ಬ್ರೈಟ್, ಮೀಡಿಯಂ, ಲೋ ಎಂದು ಕಣ್ಣಲ್ಲೇ ವಿಂಗಡಿಸಿ ರೇಟು ಕಟ್ಟುತ್ತಾರೆ. ವರ್ಷದ ಸಾಲ ತೀರುವುದೂ ಬಿಡುವುದೂ ಆ ಹಳದಿಯ ಮೇಲೆ. ನನ್ನ ಕೈಯಲ್ಲಿದ್ದ ಪುಸ್ತಕವನ್ನು ಅವರು ಒಮ್ಮೆ ಇಸಿದುಕೊಂಡು ಬೆಳಕಿಗೆ ಹಿಡಿದರು. ಆಕಾಶದ ಮೇಲೆ ಹೆಬ್ಬೆರಳಾಡಿಸಿ, "ಇದು ಬ್ರೈಟ್ ಕಣ್ಲಾ, ಕಣ್ಣುಮುಚ್ಕಂಡು ರೇಟು ಕೊಡಬೋದು" ಅಂದರು. ಆಮೇಲೆ ನೇರಳೆಯವನನ್ನು ನೋಡಿ, "ಇವ್ನು ಯಾವೋನು, ಸೊಪ್ಪಿಗೆ ಹುಳ ಬಿದ್ದಂಗವ್ನೆ" ಎಂದು ವಾಪಸ್ಸು ಕೊಟ್ಟರು.

ಕೊಂಡ ಪುಸ್ತಕದ ಮುಖಪುಟಕ್ಕೂ ನಮ್ಮಲ್ಲಿ ಬಹಳ ಆಯುಸ್ಸು ಇರುತ್ತಿರಲಿಲ್ಲ. ಜೂನ್ ತಿಂಗಳಲ್ಲಿ ನೋಟ್‌ಬುಕ್ಕುಗಳಿಗೆ ಬೈಂಡು ಹಾಕಬೇಕು. ಅಂಗಡಿಯಲ್ಲಿ ಸಿಗುವ ಕಂದುಬಣ್ಣದ ಕಾಗದ ದುಡ್ಡಿದ್ದವರ ಮಕ್ಕಳಿಗೆ. ನಮಗೆ ಹಳೆಯ ಕ್ಯಾಲೆಂಡರು, ಸುಧಾ, ಕಾಮಿಕ್ಸು. ಪಿನ್ನು ಬಿಡಿಸಿ ಮುಖಪುಟವನ್ನು ಹಾಸಿದರೆ ನೋಟ್‌ಬುಕ್ಕಿಗೆ ಹೆಚ್ಚುಕಡಿಮೆ ಸರಿಹೋಗುತ್ತಿತ್ತು. ಮಡಿಕೆಗೆ ಬೆರಳಗಲ ಸಾಲದು, ಅಲ್ಲಿ ಅನ್ನದ ಅಗುಳು ಹಚ್ಚಿ ಒತ್ತಬೇಕು. ಅಗುಳಿನ ಆಸೆಗೆ ಇರುವೆ ಬರುತ್ತಿತ್ತು, ಜಿರಳೆಯೂ ಬರುತ್ತಿತ್ತು. ನನ್ನ ಸಮಾಜ ವಿಜ್ಞಾನದ ನೋಟ್ಸಿನ ಮೇಲೆ ಇಡೀ ವರ್ಷ ಇಂದ್ರಜಾಲದ ಜಾದೂಗಾರ ಮ್ಯಾಂಡ್ರೇಕ್ ಕೈ ಚಾಚಿ ಯಾರನ್ನೋ ಮೋಡಿ ಮಾಡುತ್ತ ನಿಂತಿದ್ದ. ಪರೀಕ್ಷೆಯ ಹೊತ್ತಿಗೆ ಅವನ ಟೋಪಿ ಸವೆದು ಬೆಳ್ಳಗಾಗಿತ್ತು. ಒಳಪುಟಗಳು ಹೊದಿಕೆಯಿಲ್ಲದೆ ಒಂದೆರಡು ಮಳೆಗಾಲ ಕಳೆದು ಕಡಲೆಪುರಿಯ ಪೊಟ್ಟಣಕ್ಕೆ ಸೇರಿದವು.

ಚಂದಮಾಮನ ಮುಖಪುಟವನ್ನು ಮಾತ್ರ ಅವ್ವ ಹರಿಯಲು ಬಿಡುತ್ತಿರಲಿಲ್ಲ. ದೇವರಿದ್ದಾನೆ ಅದರಲ್ಲಿ ಎನ್ನುತ್ತಿದ್ದರು. ಕನ್ನಡ ಚಂದಮಾಮ ಹುಟ್ಟಿದ್ದು 1949ರಲ್ಲಿ, ಮದ್ರಾಸಿನಲ್ಲಿ, ನಾಗಿರೆಡ್ಡಿ ಮತ್ತು ಚಕ್ರಪಾಣಿಯವರ ಕೈಯಲ್ಲಿ. ಅದರ ಮಹಾಭಾರತದ ಮುಖಪುಟಗಳಿಂದ ಮನೆಮಾತಾದವರು ನಮ್ಮ ಎಂ.ಟಿ.ವಿ. ಆಚಾರ್ಯರು. ಆಮೇಲೆ ವಡ್ಡಾದಿ ಪಾಪಯ್ಯನವರು ಬಂದರು. ಇಂದ್ರಜಾಲದ ಬಣ್ಣಕ್ಕೂ ಇವರ ಬಣ್ಣಕ್ಕೂ ಹೋಲಿಕೆಯೇ ಇಲ್ಲ. ಅಲ್ಲಿ ಕಪ್ಪು ಗೆರೆಯ ಬೇಲಿ ಹಾಕಿ ಒಳಗೆ ಒಂದೇ ಸಮ ಬಣ್ಣ ಸುರಿಯುತ್ತಾರೆ. ಇಲ್ಲಿ ಗೆರೆ ಕಾಣುವುದೇ ಅಪರೂಪ, ರೇಷ್ಮೆಯ ಮಡಿಕೆಯಲ್ಲಿ ಕೆಂಪು ಕಪ್ಪಾಗುವುದು ಎಲ್ಲಿ ಎಂದು ಬೆರಳಿಟ್ಟು ತೋರಿಸಲಾಗದು. ಅದೇ ಚಿತ್ರ ತೆಲುಗಿಗೂ ತಮಿಳಿಗೂ ಹಿಂದಿಗೂ. ಹೆಸರಿನ ಅಕ್ಷರ ಬದಲಾಯಿಸಿದರೆ ಭೀಮ ಆಯಾ ರಾಜ್ಯದವನಾಗುತ್ತಿದ್ದ. ಚಂದಮಾಮ ಹೆಚ್ಚು ಚೆಲುವೆಂದು ಒಪ್ಪುತ್ತೇನೆ. ಬಸ್ ನಿಲ್ದಾಣದಿಂದ ನೋಡಿದರೆ ಗೆಲ್ಲುತ್ತಿದ್ದದ್ದು ಇಂದ್ರಜಾಲವೇ. ಚಂದಮಾಮ ಕೈಯಲ್ಲಿ ಹಿಡಿದು ನೋಡುವ ಚಿತ್ರ, ಇಂದ್ರಜಾಲ ಹತ್ತು ಮಾರು ದೂರದಿಂದ ನೋಡುವ ಚಿತ್ರ. ನನಗೆ ಸಿಕ್ಕಿದ್ದು ಹತ್ತು ಮಾರು.

ಭಯಕ್ಕೆ ಬಂದರೆ ಇವೆರಡೂ ನಮ್ಮ ತಾಲ್ಲೂಕಿನ ಇನ್ನೊಂದು ಚಿತ್ರಶಾಲೆಯ ಮುಂದೆ ಸಪ್ಪೆ. ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ಟಿಬೆಟನ್ನರಿದ್ದಾರೆ. ಅವರ ಮಠಗಳ ಗೋಡೆಯ ಮೇಲೆ ಕಡುನೀಲಿ ಮೈಯ ಉಗ್ರದೇವತೆಗಳು, ಸುತ್ತ ಕೆಂಪು ಜ್ವಾಲೆ, ಕೊರಳಲ್ಲಿ ರುಂಡಮಾಲೆ. ಯಾವ ದೇವತೆಗೆ ಯಾವ ಬಣ್ಣ, ಮುಖಕ್ಕೆ ಎಷ್ಟು ಅಳತೆ ಎಂದು ಅಲ್ಲಿ ಶಾಸ್ತ್ರವಿದೆ, ಮುದ್ರಕನ ಮರ್ಜಿ ನಡೆಯುವುದಿಲ್ಲ. ಅದನ್ನು ನೋಡಿ ಬಂದ ಮೇಲೆ ಫ್ಯಾಂಟಮ್‌ನ ಉಂಗುರದ ಒಂಟಿ ಬುರುಡೆಗೆ ಯಾರು ಹೆದರುತ್ತಾರೆ?

ದೇವರುಗಳನ್ನು ಕಾಮಿಕ್ಸಿಗೂ ತಂದ ಅಮರ ಚಿತ್ರ ಕಥೆಯ ಹುಟ್ಟಿನಲ್ಲಿ ಕನ್ನಡಕ್ಕಿರುವ ಪಾಲು ನಮ್ಮವರಿಗೇ ಅಷ್ಟಾಗಿ ಗೊತ್ತಿಲ್ಲ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅದರ ಜನಕರೆಂದು ಎಲ್ಲರೂ ಬಲ್ಲರು. ಅದಕ್ಕೂ ಮೊದಲು, 1965ರಲ್ಲಿ, ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯ ಜಿ.ಕೆ. ಅನಂತರಾಮ್ ಕನ್ನಡದಲ್ಲಿ ಚಿತ್ರಕಥೆಗಳನ್ನು ತರೋಣವೆಂದು ಸಂಸ್ಥೆಯನ್ನು ಒಪ್ಪಿಸಿದರು. ಸಿಂಡ್ರೆಲ್ಲಾ ಮುಂತಾದ ಪಡುವಣದ ಕತೆಗಳು ಹತ್ತು ಕನ್ನಡ ಪುಸ್ತಕಗಳಾಗಿ ಬಂದವು. ಅದಕ್ಕೇ ಇಂಗ್ಲಿಷ್ ಸರಣಿಯ 'ಕೃಷ್ಣ' ಶುರುವಾಗುವುದು 11ನೆಯ ಸಂಖ್ಯೆಯಿಂದ. ರಾಮ್ ವಾಯೀರ್ಕರ್ ಬರೆದ ಆ ಕೃಷ್ಣನ ಕಾಲದ ಪುಸ್ತಕಗಳಿಗೆ ಪೂರ್ತಿ ಬಣ್ಣದ ಭಾಗ್ಯವಿರಲಿಲ್ಲ. ಖರ್ಚು ಉಳಿಸಲು ಒಳಪುಟಗಳಲ್ಲಿ ಹಳದಿ, ನೀಲಿ, ಹಸಿರು ಮಾತ್ರ. ಕೃಷ್ಣನಿಗೆ ಅಷ್ಟು ಸಾಕು: ಮೈ ನೀಲಿ, ಪೀತಾಂಬರ ಹಳದಿ, ಬೃಂದಾವನ ಹಸಿರು. ಬೇರೆ ಯಾವ ದೇವರನ್ನು ಆರಿಸಿದ್ದರೂ ಕಷ್ಟವಿತ್ತು.

ಈ ಭಾಗದ ಹುಡುಗನೊಬ್ಬನೇ ಅಮೆರಿಕದ ಕಾಮಿಕ್ಸಿನ ಮುಖಪುಟಕ್ಕೆ ಏರಿದ್ದಾನೆ ಎಂದರೆ ಎಚ್.ಡಿ. ಕೋಟೆಯಲ್ಲೂ ಬಹಳ ಜನ ನಂಬುವುದಿಲ್ಲ. ಕಬಿನಿ ದಂಡೆಯ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗ ಸಾಬು. ರಾಬರ್ಟ್ ಫ್ಲಾಹರ್ಟಿ ಎಂಬ ನಿರ್ದೇಶಕ ಮೈಸೂರಿಗೆ ಬಂದು ಮಹಾರಾಜರ ಆನೆಲಾಯದ ಹುಡುಗರಲ್ಲಿ ಇವನನ್ನು ಆರಿಸಿಕೊಂಡ. 1937ರಲ್ಲಿ 'ಎಲಿಫೆಂಟ್ ಬಾಯ್' ತೆರೆಗೆ ಬಂತು. ಹುಡುಗ ಲಂಡನ್ನಿಗೆ ಹೋದ, ಹಾಲಿವುಡ್ಡಿಗೆ ಹೋದ, 'ಥೀಫ್ ಆಫ್ ಬಾಗ್ದಾದ್', 'ಜಂಗಲ್ ಬುಕ್' ಮಾಡಿದ, ಯುದ್ಧದಲ್ಲಿ ಅಮೆರಿಕದ ಬಾಂಬರ್ ವಿಮಾನದ ಬಂದೂಕು ಹಿಡಿದ. 1950ರಲ್ಲಿ ಫಾಕ್ಸ್ ಎಂಬ ಪ್ರಕಾಶನ ಅವನ ಹೆಸರಿನಲ್ಲೇ ಕಾಮಿಕ್ಸ್ ತಂದಿತು.

ಆ ಪುಸ್ತಕದ ಮೊದಲ ಸಂಚಿಕೆಯ ಸಂಖ್ಯೆ 30, ಎರಡನೆಯದರ ಸಂಖ್ಯೆ 2. ನಿಂತುಹೋದ ಒಂದು ಪ್ರೇಮಕತೆಗಳ ಸರಣಿಯ ಜಾಗಕ್ಕೆ ಸಾಬುವನ್ನು ಕೂರಿಸಿದ್ದರು. ಹೊಸ ಪತ್ರಿಕೆಯೆಂದರೆ ಅಂಚೆ ರಿಯಾಯಿತಿಗೆ ಮತ್ತೆ ಹಣ ಕಟ್ಟಬೇಕಿತ್ತು, ಅದನ್ನು ತಪ್ಪಿಸಲು ಹಳೆಯ ಎಣಿಕೆಯನ್ನೇ ಮುಂದುವರಿಸುವುದು ಆಗ ಅಲ್ಲಿನ ಪ್ರಕಾಶಕರ ವಾಡಿಕೆಯಾಗಿತ್ತು. ಹೀಗೆ ಕಾರಾಪುರದ ಮಾವುತನ ಮಗ ಯಾರದೋ ಪ್ರೇಮದ ಬಾಕಿ ಲೆಕ್ಕದಲ್ಲಿ ಬಂದು ಕೂತ.

ನನ್ನ ತಕರಾರು ಬೇರೆ. ಆ ಮುಖಪುಟಕ್ಕೆ ಯಾರೂ ಚಿತ್ರ ಬರೆಯಲಿಲ್ಲ, ಸಿನಿಮಾದ ಫೋಟೋ ಹಾಕಿದರು. ಮಾರಾಟಕ್ಕೆ ತಾರೆಯ ಮುಖ ಬೇಕಿತ್ತು, ಸರಿ. ಆದರೆ ಮೊದಲ ಸಂಚಿಕೆಯ ಒಳಪುಟಗಳಿಗೆ ಕೈಹಾಕಿದವರಲ್ಲಿ ವಾಲಿ ವುಡ್ ಇದ್ದರು. ಮುಂದೆ 1965ರಲ್ಲಿ ಡೇರ್‌ಡೆವಿಲ್ ಎಂಬ ನಾಯಕನ ಹಳದಿ ಉಡುಪನ್ನು ಕಿತ್ತೆಸೆದು ನಖಶಿಖಾಂತ ಕೆಂಪು ತೊಡಿಸಿದವರು ಅವರೇ. ಅಂಥ ಕೈ ಮನೆಯಲ್ಲೇ ಇರುವಾಗ ಮುಖಪುಟಕ್ಕೆ ಫೋಟೋ! ಇಲ್ಲದ ಕಾಡಿನ ಇಲ್ಲದ ಮನುಷ್ಯನಿಗೆ ಹಳದಿ ಆಕಾಶ ಬರೆದುಕೊಟ್ಟ ಜಗತ್ತು, ನಿಜವಾದ ಕಾಡಿನಿಂದ ಹೋದ ನಿಜವಾದ ಹುಡುಗನಿಗೆ ಒಂದು ಕುಂಚದ ಎಳೆಯನ್ನೂ ಖರ್ಚು ಮಾಡಲಿಲ್ಲ. ಫೋಟೋದಲ್ಲಿ ಆನೆ ಆನೆಯ ಬಣ್ಣದಲ್ಲೇ ಇರಬೇಕಾಗುತ್ತದೆ. ಕಾಮಿಕ್ಸ್ ಮುಖಪುಟಕ್ಕೆ ಅದಕ್ಕಿಂತ ಅನ್ಯಾಯ ಬೇರೆ ಇಲ್ಲ. ಸಾಬು 1963ರಲ್ಲಿ, ನಲವತ್ತು ತುಂಬುವ ಮೊದಲೇ ತೀರಿಕೊಂಡ. ಇಂದ್ರಜಾಲ ಶುರುವಾಗಲು ಆಗ ಇನ್ನೂ ಕೆಲವು ತಿಂಗಳಿತ್ತು. ಅವನ ಊರಿನ ಕಡೆಯ ಕಾಕನಕೋಟೆಯಲ್ಲಿ ಕಾಡಾನೆ ಹಿಡಿಯುವ ಕೊನೆಯ ಖೆಡ್ಡಾ 1971ರಲ್ಲಿ ಮುಗಿಯಿತು, ಆ ಬಯಲು ಕಬಿನಿ ಅಣೆಕಟ್ಟಿನ ನೀರಿಗೆ ಸೇರಿತು.

ಇಂದ್ರಜಾಲ 1990ರಲ್ಲಿ ನಿಂತಿತು. ಈಗ ಹಳೆಯ ಸಂಚಿಕೆಗಳನ್ನು ಕೂಡಿಹಾಕುವವರು ಇದ್ದಾರೆ, ಅವರಲ್ಲಿ ದುಡ್ಡಿದ್ದವರೂ ಇದ್ದಾರೆ. ಮೈಸೂರಿನ ಹಳೆ ಪುಸ್ತಕದ ಅಂಗಡಿಯೊಂದರಲ್ಲಿ ಈಚೆಗೆ ಪ್ಲಾಸ್ಟಿಕ್ ಚೀಲದೊಳಗಿಟ್ಟ ಒಂದು ಕನ್ನಡ ಇಂದ್ರಜಾಲ ಕಂಡೆ. ಬೆಲೆ ಕೇಳಿ ಚೀಲವನ್ನು ಮೆಲ್ಲಗೆ ಕೆಳಗಿಟ್ಟೆ. ಪಕ್ಕದಲ್ಲೇ ಮುಖಪುಟವಿಲ್ಲದ ಇನ್ನೊಂದಿತ್ತು, ಕತೆ ಪೂರ್ತಿ, ಒಂದು ಪುಟವೂ ಹರಿದಿರಲಿಲ್ಲ. ಅದನ್ನು ಇಪ್ಪತ್ತು ರೂಪಾಯಿಗೆ ಕೊಡುತ್ತೇನೆ ಎಂದರು.

"ಕತೆ ಎರಡರಲ್ಲೂ ಒಂದೇ ಅಲ್ವಾ ಸಾಹೇಬ್ರೆ?" ಎಂದೆ.

"ಕತೆ ಯಾರಿಗೆ ಬೇಕು ಸಾರ್" ಎಂದವರು, ಒಳಗೆ ಹೋಗಿ ಒಂದು ರಟ್ಟಿನ ಪೆಟ್ಟಿಗೆ ತಂದರು. ಅದರಲ್ಲಿ ಬರೀ ಮುಖಪುಟಗಳಿದ್ದವು. ಎಲ್ಲಕ್ಕೂ ನಡುವೆ ನೋಟ್‌ಬುಕ್ಕಿನ ಬೆನ್ನಿನ ಮಡಿಕೆ, ಒಂದರ ಮೇಲೆ ಯಾವುದೋ ಹುಡುಗಿಯ ದುಂಡಕ್ಷರದಲ್ಲಿ 'ಗಣಿತ, 7ನೇ ಬಿ'. ಎರಡು ಆರಿಸಿಕೊಂಡೆ, ಒಂದು ನೇರಳೆ, ಒಂದು ನೀಲಿ. ಚೌಕಾಸಿ ಮಾಡಲು ಹೋದರೆ ನೀಲಿಯದಕ್ಕೆ ಒಂದು ಪೈಸೆ ಇಳಿಸಲಿಲ್ಲ ಪುಣ್ಯಾತ್ಮ.